ಈರೋಡಿನಲ್ಲಿ ಹುಟ್ಟಿದ ಲೆಕ್ಕದ ಮಾಂತ್ರಿಕ

ತಾಳವಾಡಿಯಿಂದ ಅರಿಶಿನದ ಮೂಟೆ ಹೇರಿಕೊಂಡು, ದಿಂಬಂ ಘಟ್ಟ ಇಳಿದು, ಬಣ್ಣಾರಿ, ಸತ್ಯಮಂಗಲ ದಾಟಿ ಈರೋಡಿನ ಮಂಡಿಗೆ ಹೋಗುವ ನಮ್ಮ ಕಡೆಯ ಕನ್ನಡದ ರೈತರಿಗೆ ಆ ಊರೆಂದರೆ ಎರಡೇ ಸಂಗತಿ. ಒಂದು ಅರಿಶಿನದ ರೇಟು, ಇನ್ನೊಂದು ಜವಳಿ. ಜಿಲ್ಲಾ ಕಚೇರಿಯಲ್ಲಿ ಕೆಲಸವಿದ್ದರೆ ಅದು ಮೂರನೆಯದು. ನಾನೂ ಬಹಳ ವರ್ಷ ಹಾಗೇ ಹೋಗಿ ಹಾಗೇ ಬಂದವನು. ಗಣಿತದಲ್ಲಿ ಜಗತ್ತಿಗೇ ಹೆಸರಾದ ಶ್ರೀನಿವಾಸ ರಾಮಾನುಜನ್ ಹುಟ್ಟಿದ್ದು ಇದೇ ಈರೋಡಿನಲ್ಲಿ ಎಂಬುದು ನನಗೆ ಗೊತ್ತಾದದ್ದು ತಲೆ ನರೆತ ಮೇಲೆ.

ಈಗ ಆ ಮಾತು ತೆಗೆಯಲು ಒಂದು ಕಾರಣವಿದೆ. ನನ್ನ ತಮ್ಮನ ಮಗ ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಗಣಿತಕ್ಕೆ 100ಕ್ಕೆ 98 ತೆಗೆದ. ಬೇರೆ ಎರಡು ವಿಷಯಗಳಲ್ಲಿ ಫೇಲಾದ. ಓದು ಸಾಕು, ತೋಟಕ್ಕೆ ನೀರು ಕಟ್ಟಲಿ ಅಂತ ತಮ್ಮ ತೀರ್ಮಾನ ಮಾಡಿಬಿಟ್ಟ. ಹುಡುಗ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಮೂರನೇ ದಿನ ರಾತ್ರಿ ಊಟವಾದ ಮೇಲೆ ಜಗಲಿಯ ಮೇಲೆ ಅಪ್ಪ ಮಗ ಇಬ್ಬರನ್ನೂ ಕೂರಿಸಿಕೊಂಡು ನಾನು ರಾಮಾನುಜನ್ ಅವರ ಬದುಕನ್ನು ಹೇಳಿದೆ. ಅದನ್ನೇ ಇಲ್ಲಿ ಓದುಗರ ಮುಂದೆ ಇಡುತ್ತಿದ್ದೇನೆ.

ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22ರಂದು. ಈರೋಡು ಅವರ ತಾಯಿ ಕೋಮಲತ್ತಮ್ಮಾಳ್ ಅವರ ತವರು. ತಾಯಿಯ ತಂದೆ ಅಲ್ಲಿನ ಮುನ್ಸೀಫ್ ಕೋರ್ಟಿನಲ್ಲಿ ಅಮೀನರಾಗಿದ್ದರು. ತಂದೆ ಶ್ರೀನಿವಾಸ ಅಯ್ಯಂಗಾರ್ ಕುಂಭಕೋಣದ ಒಂದು ಜವಳಿ ಅಂಗಡಿಯಲ್ಲಿ ಗುಮಾಸ್ತೆ. ಸಂಬಳ ತಿಂಗಳಿಗೆ ಸುಮಾರು 20 ರೂಪಾಯಿ. ಅದು ಸಾಲದೆ ತಾಯಿ ದೇವಸ್ಥಾನದಲ್ಲಿ ಭಜನೆ ಹಾಡಿ ಒಂದಿಷ್ಟು ಗಳಿಸುತ್ತಿದ್ದರು. ಅಂಗಡಿ ಗುಮಾಸ್ತೆಯ ಮನೆ ಹೇಗೆ ನಡೆಯುತ್ತದೆ ಎಂಬುದನ್ನು ವ್ಯಾಪಾರಸ್ಥರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹುಡುಗ ಬೆಳೆದದ್ದು ಕುಂಭಕೋಣದ ಸಾರಂಗಪಾಣಿ ಸನ್ನಿಧಿ ಬೀದಿಯಲ್ಲಿ. ನಮ್ಮ ಕೊಡಗಿನಲ್ಲಿ ಹುಟ್ಟಿದ ಕಾವೇರಿಯೇ ಈರೋಡಿನ ಮಗ್ಗುಲಲ್ಲೂ ಕುಂಭಕೋಣದ ಮಗ್ಗುಲಲ್ಲೂ ಹರಿಯುತ್ತಾಳೆ. 1897ರಲ್ಲಿ ಪ್ರೈಮರಿ ಪರೀಕ್ಷೆಯಲ್ಲಿ ಅವನು ಜಿಲ್ಲೆಗೇ ಮೊದಲಿಗನಾಗಿ ಟೌನ್ ಹೈಸ್ಕೂಲ್ ಸೇರಿದ. ಆಗಿನ ಒಂದು ಪ್ರಸಂಗವನ್ನು ಇಂದಿಗೂ ಹೇಳುತ್ತಾರೆ. ಮೇಷ್ಟ್ರು ಭಾಗಾಕಾರ ಕಲಿಸುತ್ತಾ, ಮೂರು ಬಾಳೆಹಣ್ಣನ್ನು ಮೂವರಿಗೆ ಹಂಚಿದರೆ ಒಬ್ಬೊಬ್ಬರಿಗೆ ಒಂದು, ಸಾವಿರ ಹಣ್ಣನ್ನು ಸಾವಿರ ಜನಕ್ಕೆ ಹಂಚಿದರೂ ಒಂದೊಂದೇ ಅಂದರಂತೆ. ಹಣ್ಣೇ ಇಲ್ಲದೆ, ಜನರೂ ಇಲ್ಲದೆ ಹಂಚಿದರೂ ಒಂದೊಂದು ಸಿಗುತ್ತದೆಯೇ ಎಂದು ಈ ಹುಡುಗ ಎದ್ದು ಕೇಳಿದನಂತೆ. ಭಾಗ ಮಾಡುವುದರ ಮೇಲೆ ಅವನ ಕಣ್ಣು ಅಷ್ಟು ಚಿಕ್ಕಂದಿನಲ್ಲೇ ಬಿದ್ದಿತ್ತು.

1903ರಲ್ಲಿ ಜಿ.ಎಸ್. ಕಾರ್ ಎಂಬ ಇಂಗ್ಲಿಷ್ ಲೇಖಕರ ಒಂದು ಗಣಿತದ ಪುಸ್ತಕ ಅವನ ಕೈಗೆ ಬಂತು. ಸಾವಿರಾರು ಸೂತ್ರಗಳ ಪಟ್ಟಿ ಅದು, ವಿವರಣೆ ಮಾತ್ರ ಬಹಳ ಕಡಿಮೆ. ಒಂದೊಂದನ್ನೂ ತಾನೇ ಸಾಧಿಸುತ್ತಾ ಹೋದ ಹುಡುಗನಿಗೆ ಆಮೇಲೆ ಬೇರೆ ಯಾವುದೂ ರುಚಿಸಲಿಲ್ಲ. 1904ರಲ್ಲಿ ವಿದ್ಯಾರ್ಥಿವೇತನ ಪಡೆದು ಕುಂಭಕೋಣದ ಸರ್ಕಾರಿ ಕಾಲೇಜು ಸೇರಿದವನು ಇಂಗ್ಲಿಷಿನಲ್ಲಿ ಫೇಲಾಗಿ ಆ ವೇತನವನ್ನೇ ಕಳೆದುಕೊಂಡ. ನಾಚಿಕೆಗೋ ನೋವಿಗೋ 1905ರಲ್ಲಿ ಮನೆಯಲ್ಲಿ ಹೇಳದೆ ವಿಶಾಖಪಟ್ಟಣಕ್ಕೆ ಹೊರಟುಹೋದ. ಮರುವರ್ಷ ಮದರಾಸಿನ ಪಚ್ಚೈಯಪ್ಪ ಕಾಲೇಜಿಗೆ ಸೇರಿದ್ದಾಯಿತು. ಎಫ್.ಎ. ಪರೀಕ್ಷೆಗೆ ಕೂತ, ಫೇಲಾದ. 1907ರಲ್ಲಿ ಮತ್ತೆ ಕೂತ, ಮತ್ತೆ ಫೇಲಾದ. ಗಣಿತ ಬಿಟ್ಟು ಉಳಿದ ವಿಷಯಗಳು ಅವನನ್ನು ಮುಂದೆ ಹೋಗಗೊಡಲಿಲ್ಲ.

ಇಲ್ಲಿಗೆ ಬರುವಾಗ ನನ್ನ ತಮ್ಮ ಎಲೆ ಅಡಿಕೆಯ ಚೀಲವನ್ನು ಪಕ್ಕಕ್ಕಿಟ್ಟು ಸರಿಯಾಗಿ ಕೂತ.

ಡಿಗ್ರಿ ಇಲ್ಲ, ಕೆಲಸ ಇಲ್ಲ. ಕಾಗದಕ್ಕೆ ದುಡ್ಡಿಲ್ಲ. ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಲ್ಲಿ ಒರೆಸಿ, ಉತ್ತರವನ್ನು ಮಾತ್ರ ನೋಟ್‌ಬುಕ್ಕಿಗೆ ಇಳಿಸುವುದು ಅವರ ರೂಢಿಯಾಯಿತು. 1909ರಲ್ಲಿ ಜಾನಕಿ ಎಂಬ ಬಾಲಕಿಯೊಂದಿಗೆ ಮದುವೆಯೂ ಆಯಿತು. ಸಂಸಾರ ತಲೆಗೆ ಬಂದ ಮೇಲೆ ನೋಟ್‌ಬುಕ್ ಕಂಕುಳಲ್ಲಿ ಇಟ್ಟುಕೊಂಡು ಕೆಲಸ ಕೇಳುತ್ತಾ ತಿರುಗಿದರು. ತಿರುಕ್ಕೋವಿಲೂರಿನಲ್ಲಿ ಡೆಪ್ಯುಟಿ ಕಲೆಕ್ಟರ್ ಆಗಿದ್ದ ವಿ. ರಾಮಸ್ವಾಮಿ ಅಯ್ಯರ್ ಆ ನೋಟ್‌ಬುಕ್ ನೋಡಿ ಬೆರಗಾದರು. ಅವರೇ ಭಾರತೀಯ ಗಣಿತ ಸಂಘ ಕಟ್ಟಿದವರು. ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್ ಕೆಲವು ಕಾಲ ತಿಂಗಳಿಗೆ 25 ರೂಪಾಯಿ ಕೊಟ್ಟು ಸಾಕಿದರು.

ಈ ಕಥೆಯಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ಆ ಗಣಿತ ಸಂಘದ ಪತ್ರಿಕೆಯ ಸಂಪಾದಕರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಎಂ.ಟಿ. ನಾರಾಯಣ ಅಯ್ಯಂಗಾರ್. ರಾಮಾನುಜನ್ ಅವರ ಮೊದಲ ದೊಡ್ಡ ಲೇಖನ 1911ರಲ್ಲಿ ಅಚ್ಚಾದದ್ದು ಆ ಪತ್ರಿಕೆಯಲ್ಲೇ. ಹೆಜ್ಜೆ ಬಿಟ್ಟು ಹೆಜ್ಜೆ ಹಾರುತ್ತಿದ್ದ ಅವರ ಬರಹವನ್ನು ಬೇರೆಯವರಿಗೂ ಅರ್ಥವಾಗುವಂತೆ ಮಾಡಲು ನಾರಾಯಣ ಅಯ್ಯಂಗಾರರು ಅದನ್ನು ಮತ್ತೆ ಮತ್ತೆ ತಿದ್ದಿಸಿದರು. ಅವರಿಗೆ ಆ ತಾಳ್ಮೆ ಇಲ್ಲದೆ ಹೋಗಿದ್ದರೆ ಮುಂದಿನದು ಅಷ್ಟು ಸುಲಭವಾಗುತ್ತಿರಲಿಲ್ಲ.

1912ರ ಮಾರ್ಚ್ 1ರಂದು ಮದರಾಸು ಪೋರ್ಟ್ ಟ್ರಸ್ಟಿನಲ್ಲಿ 30 ರೂಪಾಯಿ ಸಂಬಳದ ಗುಮಾಸ್ತೆ ಕೆಲಸ ಸಿಕ್ಕಿತು. ಅಪ್ಪ ಜವಳಿ ಅಂಗಡಿಯ ಲೆಕ್ಕ, ಮಗ ಬಂದರಿನ ಲೆಕ್ಕ. 1913ರ ಜನವರಿಯಲ್ಲಿ ಅವರು ಕೇಂಬ್ರಿಜ್‌ನ ಪ್ರೊಫೆಸರ್ ಜಿ.ಎಚ್. ಹಾರ್ಡಿಯವರಿಗೆ ತಮ್ಮ ಸೂತ್ರಗಳ ಒಂದು ಕಟ್ಟನ್ನು ಪತ್ರದೊಂದಿಗೆ ಕಳಿಸಿದರು. ಹಾರ್ಡಿ ಓದಿದರು, ನಂಬಿದರು, ಕರೆಸಿಕೊಂಡರು. ಸಮುದ್ರ ದಾಟುವುದು ಜಾತಿ ಕೆಡಿಸುತ್ತದೆ ಎನ್ನುವ ಕಾಲ ಅದು. ತಾಯಿ ಒಪ್ಪಿದ ಮೇಲೆ 1914ರ ಮಾರ್ಚ್ 17ರಂದು ಹಡಗು ಹತ್ತಿದರು. ಹೆಂಡತಿ ಊರಲ್ಲೇ ಉಳಿದರು.

ಕೇಂಬ್ರಿಜ್‌ನಲ್ಲಿ ಅವರು ಕೈಗೆತ್ತಿಕೊಂಡ ಒಂದು ಕೆಲಸ ನಮ್ಮಂಥ ತೂಕ, ಅಳತೆ, ಪಾಲು ಪಂಚಾಯ್ತಿಯ ಜನಕ್ಕೆ ಬಹಳ ಹತ್ತಿರದ್ದು. ಅದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಾಳೆಹಣ್ಣು, ಬಳೆ, ಲೋಟ ಎಲ್ಲವನ್ನೂ ಅಂಗಡಿಯವರು ಡಜನ್ ಲೆಕ್ಕದಲ್ಲಿ ಯಾಕೆ ಮಾರುತ್ತಾರೆ? ಹತ್ತನ್ನು ಇಬ್ಬರಿಗೆ, ಐವರಿಗೆ ಚೂರು ಉಳಿಯದಂತೆ ಹಂಚಬಹುದು. ಮೂವರು ಬಂದರೆ ಜಗಳ. ಹನ್ನೆರಡನ್ನು ಇಬ್ಬರಿಗೂ, ಮೂವರಿಗೂ, ನಾಲ್ವರಿಗೂ, ಆರು ಮಂದಿಗೂ ಹಂಚಬಹುದು. 1 ಮತ್ತು 12ನ್ನೂ ಸೇರಿಸಿದರೆ ಹನ್ನೆರಡಕ್ಕೆ ಆರು ಭಾಜಕಗಳು. ಹತ್ತಕ್ಕೆ ನಾಲ್ಕೇ. ಹನ್ನೆರಡಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಗೂ ಆರು ಭಾಜಕಗಳಿಲ್ಲ.

ಹೀಗೆ, ತನಗಿಂತ ಚಿಕ್ಕವೆಲ್ಲಕ್ಕಿಂತ ಹೆಚ್ಚು ಭಾಜಕಗಳಿರುವ ಸಂಖ್ಯೆಗಳನ್ನು ರಾಮಾನುಜನ್ ಆರಿಸಿ ಸಾಲಾಗಿ ಜೋಡಿಸಿದರು. ಅವನ್ನು ಅತಿ ಭಾಜ್ಯ ಸಂಖ್ಯೆಗಳು ಎನ್ನಬಹುದು. ಆ ಸಾಲು ಹೀಗೆ ಹೋಗುತ್ತದೆ: 1, 2, 4, 6, 12, 24, 36, 48, 60, 120, 180, 240, 360, 720, 840, 1260, 1680, 2520, 5040. ಗಂಟೆಗೆ 60 ನಿಮಿಷ, ದಿನಕ್ಕೆ 24 ಗಂಟೆ, ವೃತ್ತಕ್ಕೆ 360 ಡಿಗ್ರಿ, ಎಲ್ಲವೂ ಇದೇ ಸಾಲಿನವು ನೋಡಿ. ರಾಮಾನುಜನ್ ಇದ್ದಾಗ ಇಂಗ್ಲೆಂಡಿನ ಒಂದು ಪೌಂಡಿಗೆ 240 ಪೆನ್ನಿ. 1971ರವರೆಗೂ ಹಾಗೇ ಇತ್ತು. ಆ 240ಕ್ಕೆ 20 ಭಾಜಕಗಳು.

ಭಾಜಕ ಎಣಿಸಲು ಸುಲಭದ ದಾರಿ ಇದೆ. ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಒಡೆಯಬೇಕು. ಅಂದರೆ 2, 3, 5, 7, 11ರಂತೆ ಇನ್ನು ಒಡೆಯಲಾಗದ ತುಂಡುಗಳಾಗಿ. 360ರಲ್ಲಿ ಮೂರು 2, ಎರಡು 3, ಒಂದು 5 ಇವೆ. ಭಾಜಕ ಮಾಡಲು ಆ ಬುಟ್ಟಿಯಿಂದ 2ನ್ನು ಒಂದೂ ತೆಗೆಯದೆ ಬಿಡಬಹುದು, ಅಥವಾ ಒಂದು, ಎರಡು, ಮೂರು ತೆಗೆಯಬಹುದು. ಅದು ನಾಲ್ಕು ಬಗೆ. 3ನ್ನು ತೆಗೆಯಲು ಮೂರು ಬಗೆ, 5ನ್ನು ತೆಗೆಯಲು ಎರಡು ಬಗೆ. ನಾಲ್ಕು ಮೂರಲಿ ಹನ್ನೆರಡು, ಹನ್ನೆರಡು ಎರಡಲಿ ಇಪ್ಪತ್ನಾಲ್ಕು. 360ಕ್ಕೆ 24 ಭಾಜಕಗಳು, ಮುಗಿಯಿತು.

ಈ ಸಾಲಿನ ಸಂಖ್ಯೆಗಳಿಗೆಲ್ಲ ಒಂದೇ ಮೈಕಟ್ಟು ಇದೆ ಎಂದು ರಾಮಾನುಜನ್ ತೋರಿಸಿಕೊಟ್ಟರು. ನಮ್ಮ ಹುಲ್ಲಿನ ಬಣವೆಯನ್ನು ನೆನಪಿಸಿಕೊಳ್ಳಿ, ತಳ ಅಗಲ, ಮೇಲೆ ಮೇಲೆ ಕಿರಿದು. ಹಾಗೆಯೇ ಇಲ್ಲಿ 2ರ ಎಣಿಕೆಗಿಂತ 3ರದು ಹೆಚ್ಚಿರುವುದಿಲ್ಲ, 3ರದಕ್ಕಿಂತ 5ರದು ಹೆಚ್ಚಿರುವುದಿಲ್ಲ. ನಡುವೆ ಯಾವ ಅವಿಭಾಜ್ಯವೂ ಬಿಟ್ಟುಹೋಗುವುದಿಲ್ಲ. ಕೊನೆಯ ಅವಿಭಾಜ್ಯ ಒಂದೇ ಸಲ ಬರುತ್ತದೆ. 1ನ್ನು ಬದಿಗಿಟ್ಟರೆ ಈ ಕೊನೆಯ ಮಾತಿಗೆ ತಪ್ಪುವುದು 4 ಮತ್ತು 36 ಮಾತ್ರ. ಇದರಾಚೆಗೂ ಆ ಎಣಿಕೆಗಳು ಒಂದಕ್ಕೊಂದು ಯಾವ ಪ್ರಮಾಣದಲ್ಲಿರುತ್ತವೆ ಎಂಬುದನ್ನು ಅವರು ಬಹಳ ಸೂಕ್ಷ್ಮವಾಗಿ ಲೆಕ್ಕ ಹಾಕಿದರು. ಜೊತೆಗೆ 102 ಸಂಖ್ಯೆಗಳ ಪಟ್ಟಿಯನ್ನೂ ಕೊಟ್ಟರು. ಪಟ್ಟಿಯ ಕೊನೆಯದು 6746328388800, ಅಂದರೆ 6 ಲಕ್ಷದ 74 ಸಾವಿರದ 632 ಕೋಟಿಯ ಮೇಲೆ 83 ಲಕ್ಷ 88 ಸಾವಿರದ 800. ಅದಕ್ಕೆ 10080 ಭಾಜಕಗಳು. ಕಂಪ್ಯೂಟರ್ ಇಲ್ಲದ ಕಾಲದ ಕೈಲೆಕ್ಕ ಇದು.

ಆ ಪಟ್ಟಿಯಲ್ಲಿ ಒಂದೇ ಒಂದು ಸಂಖ್ಯೆ ಬಿಟ್ಟುಹೋಗಿದೆ: 293318625600. ಅದರಲ್ಲಿ 2 ಆರು ಸಲ, 3 ನಾಲ್ಕು ಸಲ, 5 ಎರಡು ಸಲ, 7 ಎರಡು ಸಲ, 11, 13, 17, 19 ಒಂದೊಂದು ಸಲ. ಭಾಜಕಗಳು 5040. ಎಷ್ಟು ದೊಡ್ಡ ಲೆಕ್ಕಿಗನ ಖಾತೆಯಲ್ಲೂ ಒಂದು ಬಾಬ್ತು ತಪ್ಪಿಹೋಗಬಹುದು ಎಂದು ನಾನು ಹೇಳುವಾಗ ಹುಡುಗನ ಮುಖ ಸ್ವಲ್ಪ ಅರಳಿತು.

ಈ ಪ್ರಬಂಧ 1915ರಲ್ಲಿ ಲಂಡನ್ ಗಣಿತ ಸಂಘದ ಪತ್ರಿಕೆಯಲ್ಲಿ ಬಂತು. ಆದರೆ ಪೂರ್ತಿ ಬರಲಿಲ್ಲ. ಮಹಾಯುದ್ಧ ನಡೆಯುತ್ತಿತ್ತು, ಸಂಘದ ಕೈಯಲ್ಲಿ ಹಣವಿರಲಿಲ್ಲ, ಅಚ್ಚಿನ ಖರ್ಚು ಉಳಿಸಲು ಕೊನೆಯ ಭಾಗವನ್ನು ಬಿಟ್ಟರು. ಊರಲ್ಲಿ ಕಾಗದವಿಲ್ಲದೆ ಸ್ಲೇಟು ಒರೆಸಿದವರಿಗೆ ಅಲ್ಲಿಯೂ ಕಾಗದದ ಬರ ತಪ್ಪಲಿಲ್ಲ. ಆದರೂ ಎಫ್.ಎ. ಪಾಸಾಗದ ಆ ಮನುಷ್ಯನಿಗೆ 1916ರ ಮಾರ್ಚ್‌ನಲ್ಲಿ ಕೇಂಬ್ರಿಜ್ ಬಿ.ಎ. ಪದವಿ ಕೊಟ್ಟಿತು. ಅದಕ್ಕೆ ಮುಖ್ಯ ಆಧಾರ ಇದೇ ಪ್ರಬಂಧ.

1917ರಲ್ಲಿ ಹಾರ್ಡಿ ಮತ್ತು ರಾಮಾನುಜನ್ ಸೇರಿ ಇನ್ನೊಂದು ಸಂಗತಿ ಸಾಧಿಸಿದರು. ಕೋಟಿಯ ಆಸುಪಾಸಿನ ಯಾವುದೋ ಒಂದು ಸಂಖ್ಯೆ ತೆಗೆದುಕೊಂಡು ಒಡೆದರೆ ಸಾಮಾನ್ಯವಾಗಿ ಬೇರೆ ಬೇರೆ ಅವಿಭಾಜ್ಯಗಳು ಮೂರರ ಆಸುಪಾಸು ಸಿಗುತ್ತವೆ, ಅಷ್ಟೆ. ಸಂಖ್ಯೆ ಎಷ್ಟೇ ಬೆಳೆದರೂ ಈ ಎಣಿಕೆ ಆಮೆಯ ಹಾಗೆ ಏರುತ್ತದೆ. 720720ರಂತೆ ಆರು ಅವಿಭಾಜ್ಯಗಳಿಂದ 240 ಭಾಜಕ ಪಡೆದ ಸಂಖ್ಯೆಗಳು ಬಹಳ ಅಪರೂಪ. ಎಲ್ಲರಿಗೂ ಸಮನಾಗಿ ಹಂಚಿಹೋಗುವ ಗುಣ ಸಂಖ್ಯೆಗಳಲ್ಲೂ ವಿರಳ ಅನ್ನಿ.

ಅದೇ ವರ್ಷ ಅವರಿಗೆ ಕಾಯಿಲೆ ಹಿಡಿಯಿತು. ಶುದ್ಧ ಸಸ್ಯಾಹಾರಿ, ಅಡುಗೆ ತಾವೇ ಮಾಡಿಕೊಳ್ಳಬೇಕು. ಯುದ್ಧದ ಕಾಲದಲ್ಲಿ ಒಗ್ಗುವ ಸಾಮಾನು ಸಿಗದು, ಮೇಲೆ ಚಳಿ. ಕ್ಷಯ ಎಂದು ತಿಳಿದು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸಿದರು. 1994ರಲ್ಲಿ ಡಿ.ಎ.ಬಿ. ಯಂಗ್ ಎಂಬ ವೈದ್ಯರು ಹಳೆಯ ದಾಖಲೆಗಳನ್ನು ಪರಿಶೀಲಿಸಿ, ಅದು ಕ್ಷಯವಲ್ಲ, ಆಮಶಂಕೆಯ ಕ್ರಿಮಿ ಪಿತ್ತಜನಕಾಂಗಕ್ಕೆ ಇಳಿದಿದ್ದಿರಬೇಕು ಎಂಬ ಅಭಿಪ್ರಾಯಕ್ಕೆ ಬಂದರು.

ಪಟ್ನಿ ಎಂಬಲ್ಲಿ ಮಲಗಿದ್ದಾಗ ನೋಡಲು ಬಂದ ಹಾರ್ಡಿ ತಾವು ಬಂದ ಟ್ಯಾಕ್ಸಿಯ ನಂಬರು 1729, ಏನೂ ಸ್ವಾರಸ್ಯವಿಲ್ಲದ್ದು ಎಂದರು. ರಾಮಾನುಜನ್ ಮಲಗಿದ ಕಡೆಯಿಂದಲೇ ಇಲ್ಲವೆಂದರು. ಎರಡು ಘನಗಳ ಮೊತ್ತವಾಗಿ ಎರಡು ಬಗೆಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅದು. 12ರ ಘನಕ್ಕೆ 1 ಸೇರಿಸಿದರೂ 1729, 10ರ ಘನಕ್ಕೆ 9ರ ಘನ ಸೇರಿಸಿದರೂ 1729. ಒಡೆದು ನೋಡಿದರೆ 7, 13, 19ರ ಗುಣಲಬ್ಧ, ಭಾಜಕಗಳು ಎಂಟೇ. ಹಂಚಲು ಬಾರದ ಸಂಖ್ಯೆಯಲ್ಲೂ ಅವರಿಗೆ ಒಂದು ಗುಣ ಕಾಣುತ್ತಿತ್ತು.

1918ರಲ್ಲಿ ಅವರು ರಾಯಲ್ ಸೊಸೈಟಿಯ ಫೆಲೋ ಆದರು. ಅದೇ ಅಕ್ಟೋಬರಿನಲ್ಲಿ ಟ್ರಿನಿಟಿ ಕಾಲೇಜಿನ ಫೆಲೋ ಕೂಡ. ಆ ಕಾಲೇಜಿನಲ್ಲಿ ಈ ಗೌರವ ಪಡೆದ ಮೊದಲ ಭಾರತೀಯ ಅವರೇ. ಮದರಾಸು ವಿಶ್ವವಿದ್ಯಾಲಯ ವರ್ಷಕ್ಕೆ 250 ಪೌಂಡ್ ಕೊಡಲು ಒಪ್ಪಿತು. ಕಾಯಿಲೆಯಲ್ಲಿದ್ದ ರಾಮಾನುಜನ್ 1919ರ ಜನವರಿಯಲ್ಲಿ ವಿಶ್ವವಿದ್ಯಾಲಯಕ್ಕೆ ಒಂದು ಪತ್ರ ಬರೆದು, ಅಷ್ಟು ಹಣ ತಮಗೆ ಬೇಡವೆಂದು ತಿಳಿಸಿದರು. ತಂದೆತಾಯಿಗೆ ವರ್ಷಕ್ಕೆ 50 ಪೌಂಡ್ ಕೊಡಬೇಕು, ತಮ್ಮ ಅಗತ್ಯದ ಖರ್ಚು ಕಳೆದು ಉಳಿದದ್ದನ್ನು ಬಡ ಹುಡುಗರ, ಅನಾಥರ ಶಾಲೆಯ ಫೀಸಿಗೂ ಪುಸ್ತಕಕ್ಕೂ ಬಳಸಬೇಕು ಎಂಬುದು ಅವರ ಕೋರಿಕೆ. ವಿದ್ಯಾರ್ಥಿವೇತನ ಕಳೆದುಕೊಂಡು ಊರು ಬಿಟ್ಟು ಓಡಿದ ಹುಡುಗನ ನೆನಪು ಅವರಲ್ಲಿ ಇನ್ನೂ ಹಸಿಯಾಗಿತ್ತು ಎಂದೇ ನನ್ನ ನಂಬಿಕೆ. ಅವರ ಜೀವನದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಭಾಗಾಕಾರ ಇದು.

1919ರ ಮಾರ್ಚ್‌ನಲ್ಲಿ ಬೊಂಬಾಯಿಗೆ ಬಂದಿಳಿದರು. ಆ ಬೇಸಿಗೆಯಲ್ಲಿ ಹವೆ ಒಗ್ಗೀತೆಂದು ಈಗ ನಮ್ಮದೇ ಜಿಲ್ಲೆಯಲ್ಲಿರುವ, ಕಾವೇರಿ ದಡದ ಕೊಡುಮುಡಿಯಲ್ಲಿ ಕೆಲಕಾಲ ಇದ್ದರು. ಆಮೇಲೆ ಕುಂಭಕೋಣ, ಕೊನೆಗೆ ಮದರಾಸು. ಸಾಯುವ ವರ್ಷದ ಜನವರಿಯಲ್ಲೂ ಹೊಸ ಶೋಧವನ್ನು ಹಾರ್ಡಿಗೆ ಬರೆದು ಕಳಿಸಿದರು. 1920ರ ಏಪ್ರಿಲ್ 26ರಂದು ಮದರಾಸಿನ ಚೆಟ್‌ಪೇಟೆಯಲ್ಲಿ ತೀರಿಕೊಂಡಾಗ ವಯಸ್ಸು 32. ಜಾನಕಿ ಅಮ್ಮಾಳ್ ಬಟ್ಟೆ ಹೊಲಿದು ಜೀವನ ಮಾಡಿ 1994ರವರೆಗೆ ಬದುಕಿದ್ದರು.

ಕೆಲಸ ಮಾತ್ರ ಸಾಯಲಿಲ್ಲ. ಕೊನೆಯ ವರ್ಷದ ಹಾಳೆಗಳು ಟ್ರಿನಿಟಿ ಕಾಲೇಜಿನ ಲೈಬ್ರರಿಯಲ್ಲಿ 1976ರಲ್ಲಿ ಅಮೆರಿಕದ ಜಾರ್ಜ್ ಆಂಡ್ರ್ಯೂಸ್ ಅವರ ಕಣ್ಣಿಗೆ ಬಿದ್ದವು. ಅತಿ ಭಾಜ್ಯ ಸಂಖ್ಯೆಗಳ ಕೆಲಸವನ್ನು ಹಾರ್ಡಿಯವರೇ ಗಣಿತದ ಮುಖ್ಯ ಹರಿವಿನಿಂದ ದೂರದ್ದೆಂದು ಎಣಿಸಿದ್ದರು. ಆದರೆ 1944ರಲ್ಲಿ ಅಲಾವ್‌ಗ್ಲು ಮತ್ತು ಪಾಲ್ ಎರ್ಡಿಶ್ ಅದನ್ನು ಮುಂದುವರಿಸಿದರು. 1984ರಲ್ಲಿ ಫ್ರಾನ್ಸಿನ ಗೀ ರೋಬಿನ್, ಭಾಜಕಗಳ ಮೊತ್ತ ಒಂದು ಮಿತಿಯನ್ನು 5040ರ ಆಚೆ ಎಲ್ಲಿಯೂ ಮೀರದು ಎಂಬ ಮಾತೂ, ಗಣಿತದ ಅತಿ ದೊಡ್ಡ ಬಿಡಿಸದ ಸಮಸ್ಯೆಯಾದ ರೀಮನ್ ಊಹೆಯೂ ಒಂದೇ ಎಂದು ಸಾಧಿಸಿದರು. ಯುದ್ಧಕಾಲದಲ್ಲಿ ಅಚ್ಚಾಗದೆ ಉಳಿದ ಭಾಗವನ್ನು ಅದೇ ರೋಬಿನ್ ಮತ್ತು ನಿಕೊಲಾ 1997ರಲ್ಲಿ ಟಿಪ್ಪಣಿಯೊಂದಿಗೆ ಪ್ರಕಟಿಸಿದರು. ಬರೆದು ಎಂಬತ್ತು ವರ್ಷದ ಮೇಲೆ ಲೆಕ್ಕ ಚುಕ್ತಾ ಆಯಿತು.

ಇಷ್ಟು ಹೇಳಿ ನಾನು ಮಲಗಲು ಎದ್ದೆ. ಎಲ್ಲ ಫೇಲಾದ ಹುಡುಗರೂ ರಾಮಾನುಜನ್ ಆಗುವುದಿಲ್ಲ, ಅದು ನನಗೂ ಗೊತ್ತು, ತಮ್ಮನಿಗೂ ಗೊತ್ತು. ಆದರೆ ಒಂದು ವಿಷಯದಲ್ಲಿ ಬಿದ್ದವನನ್ನು ಎಲ್ಲದರಲ್ಲೂ ಬಿದ್ದವನೆಂದು ಬರೆದುಹಾಕುವುದು ತಪ್ಪು ಲೆಕ್ಕ. ರಾಮಾನುಜನ್ ಅವರನ್ನು ಎತ್ತಿದ್ದು ಒಬ್ಬ ಡೆಪ್ಯುಟಿ ಕಲೆಕ್ಟರ್, ಒಬ್ಬ ಕಲೆಕ್ಟರ್, ಬೆಂಗಳೂರಿನ ಒಬ್ಬ ಮೇಷ್ಟ್ರು, ಸೀಮೆಯಾಚೆಯ ಒಬ್ಬ ಪ್ರೊಫೆಸರ್. ಗಡಿಯಲ್ಲಿ ಮನೆಯಲ್ಲೊಂದು ಭಾಷೆ, ಕಚೇರಿಯಲ್ಲೊಂದು ಭಾಷೆ ಎಂದು ಹೆಣಗುವ ನಮ್ಮ ಮಕ್ಕಳಿಗೆ ಮೊದಲು ಎತ್ತುವ ಕೈ ಮನೆಯವರದ್ದೇ ಆಗಬೇಕು.

ಬೆಳಗ್ಗೆ ನೋಡಿದರೆ ಮಂಡಿಯ ಹಳೇ ಬಿಲ್ಲಿನ ಹಿಂದೆ ಹುಡುಗ ಪೆನ್ಸಿಲಿನಲ್ಲಿ ಗುಣಾಕಾರ ಮಾಡಿಟ್ಟಿದ್ದ. ಪಟ್ಟಿಯಿಂದ ಬಿಟ್ಟುಹೋದ 293318625600ನ್ನು ಮುಂದಿನ ಅವಿಭಾಜ್ಯವಾದ 23ರಿಂದ ಗುಣಿಸಿದ್ದ. ಉತ್ತರ 6746328388800, ಪಟ್ಟಿಯ ಕೊನೆಯ ಸಂಖ್ಯೆಯೇ. ಅದರ ಕೆಳಗೆ, ಹಳೇ ಕಾಲದ ರೂಪಾಯಿಗಿದ್ದ 192 ಪೈಗೆ 14 ಭಾಜಕ, 180ಕ್ಕೆ 18, ಆದ್ದರಿಂದ 192 ಈ ಸಾಲಿಗೆ ಸೇರುವುದಿಲ್ಲ ಎಂದೂ ಬರೆದಿದ್ದ. ಅದನ್ನು ನಾನು ಹೇಳಿರಲಿಲ್ಲ. ತಮ್ಮ ಆ ಬಿಲ್ಲನ್ನು ಎರಡು ಸಲ ತಿರುಗಿಸಿ ನೋಡಿ ಜೇಬಿಗಿಟ್ಟುಕೊಂಡ. ಮಧ್ಯಾಹ್ನದ ಬಸ್ಸಿಗೆ ಮರುಪರೀಕ್ಷೆಯ ಫೀಸು ಕಟ್ಟಲು ಅಪ್ಪ ಮಗ ಇಬ್ಬರೂ ಹೊರಟರು.